ಕಡತ, ಕರಾರು, ಬಡ್ಡಿ: ಬಳ್ಳಾರಿ ಸೀಮೆಯ ಊರಶಾಲೆಗಳಲ್ಲಿ ಸಾಲದ ಓದು

ಪ್ರೌಢಶಾಲೆಯ ಮಕ್ಕಳಿಗೆ ಹಣಕಾಸು ಮತ್ತು ಸಾಲದ ವ್ಯವಹಾರವನ್ನು ಕಲಿಸಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ಹೊಸ ವಿಚಾರವೆಂಬಂತೆ ಕೇಳಿಬರುತ್ತಿದೆ. ಹೂವಿನಹಡಗಲಿ ತಾಲ್ಲೂಕಿನ ಹೊಳಲು ಮತ್ತು ಅದರ ಸುತ್ತಲಿನ ಸೀಮೆಯ ಚರಿತ್ರೆಯನ್ನು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಇಲ್ಲಿಯ ಊರಶಾಲೆಗಳ ಪಾಠಕ್ರಮದ ದೊಡ್ಡ ಪಾಲು ಲೇವಾದೇವಿಗೆ ಸಂಬಂಧಿಸಿದ್ದೇ ಆಗಿತ್ತು. ಆದರೆ ಆ ವಿದ್ಯೆ ಯಾರಿಗೆ ದಕ್ಕಿತು, ಯಾರಿಗೆ ದಕ್ಕಲಿಲ್ಲ ಎಂಬುದೇ ನಿಜವಾದ ಪ್ರಶ್ನೆ.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀ ಶಾಲೆಗಳ ಸಮೀಕ್ಷೆಗೆ ಆದೇಶಿಸಿದನು. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿ ಈ ಸೀಮೆಯ ಶಿಕ್ಷಣ ಚರಿತ್ರೆಗೆ ಮುಖ್ಯ ಆಕರವಾಗಿದೆ. ಹಡಗಲಿ ಪ್ರದೇಶವೂ ಸೇರಿದ್ದ ಅಂದಿನ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಕಲಿಯುತ್ತಿದ್ದವರು 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60.

ಕ್ಯಾಂಬೆಲ್ ಕೊಡುವ ವಿವರಗಳು ಸ್ವಾರಸ್ಯಕರವಾಗಿವೆ. ಮಕ್ಕಳು ಹಲಗೆಯ ಮೇಲೆ, ಇಲ್ಲವೆ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಗಂಜಿ ಹಾಕಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟಿನ ಲೇಪ ಕೊಟ್ಟರೆ ಕಡತ ಸಿದ್ಧವಾಗುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ ಅದರ ಮೇಲೆಯೇ ಮತ್ತೆ ಬರೆಯಬಹುದಾಗಿತ್ತು. ಅಂಗಡಿಕಾರರ ಲೆಕ್ಕವೂ ಇಂಥ ಕಡತದಲ್ಲಿಯೇ ಇರುತ್ತಿತ್ತು. ಶಾಲೆಯ ಸಾಮಗ್ರಿಗೂ ಅಂಗಡಿಯ ಸಾಮಗ್ರಿಗೂ ಭೇದವಿರಲಿಲ್ಲ. ಕೂಡುವ, ಕಳೆಯುವ ಲೆಕ್ಕಗಳು ಹಣದ ಲೆಕ್ಕಗಳೇ ಆಗಿದ್ದವು. ಭಿನ್ನರಾಶಿಗಳಿಗೆ ವಿಶೇಷ ಶ್ರಮ ವಹಿಸಲಾಗುತ್ತಿತ್ತು. ಅವು ಹತ್ತರ ಪ್ರಮಾಣದಲ್ಲಲ್ಲ, ನಾಲ್ಕರ ಪ್ರಮಾಣದಲ್ಲಿ ಇಳಿಯುತ್ತಿದ್ದವು: ಕಾಲು, ಅದರ ಕಾಲು ವೀಸ, ಅದರ ಕಾಲು ಕಾಣಿ. ಮಕ್ಕಳು ದಿನಕ್ಕೆರಡು ಬಾರಿ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಇವನ್ನೂ ಮಗ್ಗಿಗಳನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಒಪ್ಪಿಸುತ್ತಿದ್ದರು. ಕಾಲು, ಅರೆ, ಮುಕ್ಕಾಲು ಮಗ್ಗಿಗಳ ಜೊತೆಗೆ ಒಂದೂಕಾಲು, ಒಂದೂವರೆ ಮಗ್ಗಿಗಳು ಕನ್ನಡದ ಬಾಯಿಲೆಕ್ಕದಲ್ಲಿ ಬಹುಕಾಲ ಉಳಿದುಬಂದವು. ಬಿತ್ತನೆಗೆ ಪಡೆದ ಕಾಳನ್ನು ಸುಗ್ಗಿಯಲ್ಲಿ ಒಂದೂಕಾಲು ಅಥವಾ ಒಂದೂವರೆ ಪಟ್ಟು ಹಿಂತಿರುಗಿಸುವ ಪದ್ಧತಿಗೂ ಈ ಮಗ್ಗಿಗಳಿಗೂ ನಂಟಿದ್ದಂತೆ ತೋರುತ್ತದೆ.

ಲೆಕ್ಕಕ್ಕಿಂತ ಹೆಚ್ಚು ಗಮನಿಸಬೇಕಾದ ಪಾಠ ಇನ್ನೊಂದಿದೆ. ಗುರುವು ಅಲ್ಲಲ್ಲಿಂದ ಸಂಗ್ರಹಿಸಿದ ಕಾಗದಪತ್ರಗಳನ್ನು, ಬಗೆಬಗೆಯ ಕೈಬರಹಗಳನ್ನು ಮಕ್ಕಳು ಓದಿ ಹೇಳಬೇಕಾಗಿತ್ತು. ಕರಾರುಪತ್ರಗಳ ಒಕ್ಕಣೆಯನ್ನು ಬರೆಯಲು ಕಲಿಯಬೇಕಾಗಿತ್ತು. ಶಾನುಭೋಗರ ಮೋಡಿ ಬರಹ ಎಷ್ಟು ಕಠಿಣವೆಂಬುದು ಹಳೆಯ ದಫ್ತರಗಳನ್ನು ಬಿಚ್ಚಿದವರಿಗೆ ತಿಳಿದೇ ಇದೆ. ಪದ್ಯಗಳನ್ನು ಅರ್ಥ ತಿಳಿಯದೆ ಗಿಳಿಪಾಠ ಮಾಡಿಸುತ್ತಿದ್ದರೆಂದು ಕ್ಯಾಂಬೆಲ್ ಆಕ್ಷೇಪಿಸುತ್ತಾನೆ. ಅದು ಸರಿಯೇ ಇರಬಹುದು. ಆದರೆ ಕರಾರುಪತ್ರವನ್ನು ಅರ್ಥವಾಗದೆ ಓದುವುದು ಸಾಧ್ಯವಿರಲಿಲ್ಲ. ವ್ಯವಹಾರವನ್ನು ವಿದ್ಯೆಯೆಂದು ಗೌರವಿಸುವ ಪರಂಪರೆ ಕನ್ನಡಕ್ಕೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ತನ್ನ ಕೃತಿಗೆ ‘ವ್ಯವಹಾರಗಣಿತ’ವೆಂದೇ ಹೆಸರಿಟ್ಟನು.

ಈ ವಿದ್ಯೆಯ ಇನ್ನೊಂದು ಮುಖ ಕಹಿಯಾದುದು. 533 ಶಾಲೆಗಳ ಜಿಲ್ಲೆಯ ಜನಸಂಖ್ಯೆ ಒಂಬತ್ತು ಲಕ್ಷ ಮೀರಿತ್ತು. ಪತ್ರ ಬರೆಯಬಲ್ಲವರು ಕೆಲವರು, ಅದಕ್ಕೆ ಹೆಬ್ಬೆಟ್ಟು ಒತ್ತುವವರು ಉಳಿದೆಲ್ಲರು. ರೈತವಾರಿ ಪದ್ಧತಿಯಲ್ಲಿ ಕಂದಾಯವನ್ನು ಕಂತುಗಳಲ್ಲಿ ನಗದಾಗಿ ಕಟ್ಟಬೇಕಾಗಿದ್ದುದರಿಂದ ಒಕ್ಕಲಿಗನು ಸಾಹುಕಾರನ ಬಾಗಿಲಿಗೆ ಹೋಗುವುದು ಅನಿವಾರ್ಯವಾಯಿತು. 1859ರ ಕಾಲಮಿತಿ ಕಾಯಿದೆ ಸಾಲಪತ್ರಗಳಿಗೆ ಮೂರು ವರ್ಷಗಳ ಅವಧಿಯನ್ನು ನಿಗದಿಪಡಿಸಿತು. ಸಾಲಗಾರನನ್ನು ರಕ್ಷಿಸಬೇಕಾದ ಈ ನಿಯಮವೇ ತಿರುಗುಬಾಣವಾಯಿತು. ಅವಧಿ ಮುಗಿಯುವ ಮೊದಲು ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸುವ ರೂಢಿ ಬೆಳೆಯಿತು. ‘ನೂರಕ್ಕೆ ತಿಂಗಳಿಗೆ ಎರಡು’ ಎಂಬ ಹಳ್ಳಿಯ ಮಾತು ಕಿವಿಗೆ ಹಗುರವಾಗಿ ಕೇಳಿಸುತ್ತದೆ. ಆ ದರದಲ್ಲಿ 100 ರೂಪಾಯಿ ಸಾಲ ಮೂರು ವರ್ಷಕ್ಕೆ 172 ಆಗುತ್ತದೆ. ಅದನ್ನೇ ಅಸಲಾಗಿಸಿ ಪತ್ರ ಬದಲಿಸಿದರೆ ಇನ್ನು ಮೂರು ವರ್ಷಕ್ಕೆ ಸುಮಾರು 296. ಪತ್ರ ಬದಲಿಸದಿದ್ದರೆ 244 ಆಗುತ್ತಿತ್ತು. ಈ 52 ರೂಪಾಯಿಯ ಅಂತರವು ಓದಬಲ್ಲವನಿಗೂ ಓದಲಾರದವನಿಗೂ ನಡುವಿನ ಅಂತರ. 1875ರಲ್ಲಿ ಪುಣೆ, ಅಹಮದ್‌ನಗರಗಳ ರೈತರು ದಂಗೆಯೆದ್ದಾಗ ಮೊದಲು ಸುಟ್ಟದ್ದು ಸಾಲಪತ್ರಗಳನ್ನು. ಅದರ ಮರುವರ್ಷ ಬಂದ ಬರ ಬಳ್ಳಾರಿ ಸೀಮೆಯನ್ನು ನುಂಗಿತು.

ಅಕ್ಷರವಿಲ್ಲದವರ ನಡುವೆಯೂ ಸಾಲದ ಕುರಿತ ತಿಳಿವಳಿಕೆ ಇತ್ತು. ಕಾಳು ಅಳೆಯುವಾಗ ಮೊದಲ ಅಳತೆಯನ್ನು ‘ಲಾಭ’ವೆಂದು ಎಣಿಸುವುದು, ಗೋಡೆಯ ಮೇಲೆ ಗೆರೆ ಎಳೆದು ಲೆಕ್ಕವಿಡುವುದು, ‘ಹಾಸಿಗೆ ಇದ್ದಷ್ಟು ಕಾಲು ಚಾಚು’, ‘ಸಾಲವೇ ಶೂಲ’ ಎಂಬ ಗಾದೆಗಳು ಇದಕ್ಕೆ ಸಾಕ್ಷಿ. ಜಾನಪದ ವಿದ್ವಾಂಸರು ಇವುಗಳನ್ನು ಜನರ ಅರ್ಥಶಾಸ್ತ್ರವೆಂದು ಕೊಂಡಾಡುವುದುಂಟು. ಆ ಮೆಚ್ಚುಗೆಗೆ ಮಿತಿಯಿರಬೇಕು. ಗಾದೆ ಎಚ್ಚರಿಸುತ್ತದೆ, ಪತ್ರದಲ್ಲಿ ಏನು ಬರೆದಿದೆಯೆಂದು ಹೇಳುವುದಿಲ್ಲ.

ಹೊಳೆಯಾಚೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಪತ್ತಿನ ಸಂಘವನ್ನು ಕಟ್ಟಿದಾಗ ಲೆಕ್ಕದ ಪುಸ್ತಕ ಮೊದಲ ಬಾರಿಗೆ ಸಾಲಗಾರರ ಕಡೆಗೆ ತಿರುಗಿತು. ಸಾಲ ಕೊಡುವ ಸಂಘದಲ್ಲಿ ಸಾಲಗಾರನೇ ಸದಸ್ಯ. ಲೆಕ್ಕ ಕೇಳುವ ಹಕ್ಕು ಅವನದಾಯಿತು.

ಶಾಲೆಗಳು ಮಾತ್ರ ಬೇರೆ ದಾರಿ ಹಿಡಿದವು. ಸರ್ಕಾರಿ ಪಠ್ಯಪುಸ್ತಕದಲ್ಲಿ ಬಡ್ಡಿಯು ಅಸಲು, ದರ, ಕಾಲಗಳ ಸೂತ್ರವಾಗಿ ಉಳಿಯಿತು. ಬೇರೆಯವರ ಕೈಬರಹ ಓದುವ, ಕರಾರು ಬರೆಯುವ ಪಾಠ ಮಾಯವಾಯಿತು. ಶಾಲಾ ಸಂಚಯಿಕ ಯೋಜನೆ ಮಕ್ಕಳಿಗೆ ಉಳಿತಾಯವನ್ನು ಕಲಿಸಿತು, ಸಾಲವನ್ನಲ್ಲ. 2010ರ ದಶಕದ ಹತ್ತನೆಯ ತರಗತಿಯ ಸಮಾಜವಿಜ್ಞಾನದಲ್ಲಿ ‘ಬ್ಯಾಂಕ್ ವ್ಯವಹಾರಗಳು’ ಎಂಬ ಅಧ್ಯಾಯವಿದ್ದಿತು. ಅದು ಖಾತೆಗಳ ವಿಧಗಳನ್ನು ತಿಳಿಸಿತು. ಸಾಲಪತ್ರವೊಂದನ್ನು ತರಗತಿಗೆ ತಂದು ಸಾಲುಸಾಲಾಗಿ ಓದಿಸುವ ಊರಶಾಲೆಯ ಅಭ್ಯಾಸ ಅದರಲ್ಲಿರಲಿಲ್ಲ. ಇತ್ತ ಕಿರುಸಾಲ ಸಂಸ್ಥೆಗಳ ವಾರದ ಕಂತು ಹಳ್ಳಿಮನೆಗಳನ್ನು ಹೊಕ್ಕಿತು. ಪತ್ರಕ್ಕೆ ಸಹಿ ಹಾಕುವವರು ಬಹುಪಾಲು ಹೆಂಗಸರು, 1823ರ ಎಣಿಕೆಯಲ್ಲಿ ಅರವತ್ತಕ್ಕೆ ನಿಂತಿದ್ದವರ ಸಂತತಿ. ವಸೂಲಿಯ ಕಿರುಕುಳ ಮಿತಿಮೀರಿದಾಗ ಕರ್ನಾಟಕ ಸರ್ಕಾರವು 2025ರ ಫೆಬ್ರುವರಿಯಲ್ಲಿ ಅದರ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಆ ಮನೆಗಳಲ್ಲಿ ಕಂತಿನ ಚೀಟಿಯನ್ನು ತಾಯಂದಿರಿಗೆ ಓದಿ ಹೇಳುವ ಕೆಲಸ ಪ್ರೌಢಶಾಲೆಗೆ ಹೋಗುವ ಮಕ್ಕಳ ಪಾಲಿಗೆ ಬಂದಿದೆ.