ಹರೇ ಕೃಷ್ಣ ಗಿರಿಯ ಬೇರು: ಸ್ಯಾನ್ ಫ್ರಾನ್ಸಿಸ್ಕೋದ ಒಂದು ಜನವರಿ

ರಾಜಾಜಿನಗರದ ಹರೇ ಕೃಷ್ಣ ಗಿರಿ 1980ರ ದಶಕದಲ್ಲಿ ಬರಿಯ ಬಂಡೆ. ಕಡತಗಳಲ್ಲಿ ಅದು ಖರಾಬು ಜಮೀನು. ಸೈಟು ಮಾಡಲು ಬಾರದ ಜಾಗ. ಬಾಡಿಗೆ ಮನೆಯಲ್ಲಿ ಪೂಜೆ ನಡೆಸಿಕೊಂಡು ಬಂದಿದ್ದ ಇಸ್ಕಾನ್ ಭಕ್ತರು ಕೇಳಿಕೊಂಡಾಗ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಸುಮಾರು 7 ಎಕರೆಯ ಆ ಬಂಡೆಯನ್ನು ಮಂಜೂರು ಮಾಡಿತು. 1997ರಲ್ಲಿ ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಅವರು ದೇವಾಲಯವನ್ನು ಉದ್ಘಾಟಿಸಿದರು. ಇಷ್ಟು ಚರಿತ್ರೆ ಈ ಭಾಗದ ಹಿರಿಯರಿಗೆ ತಿಳಿದದ್ದೇ. ಆದರೆ ಇಲ್ಲಿಯ ಸೇವೆಯ ಕ್ರಮ ಹೇಗೆ ಬಂತೆಂದು ತಿಳಿಯಬೇಕಾದರೆ ಇನ್ನೂ 30 ವರ್ಷ ಹಿಂದಕ್ಕೆ, ಸಮುದ್ರದಾಚೆಯ ಒಂದು ಊರಿಗೆ ಹೋಗಬೇಕು.

ಶ್ರೀಲ ಪ್ರಭುಪಾದರು 1965ರ ಆಗಸ್ಟಿನಲ್ಲಿ ಕಲ್ಕತ್ತೆಯಿಂದ ‘ಜಲದೂತ’ ಎಂಬ ಸರಕು ಹಡಗು ಹತ್ತಿದಾಗ ಅವರಿಗೆ 69ರ ಹತ್ತಿರ. ನಡುಗಡಲಿನಲ್ಲಿ ಎರಡು ಬಾರಿ ಹೃದಯಾಘಾತವಾಯಿತು. ಸೆಪ್ಟೆಂಬರ್ 17ರಂದು ಬೋಸ್ಟನ್ ತಲುಪಿ, ಮುಂದಿನ ವರ್ಷ ನ್ಯೂಯಾರ್ಕಿನಲ್ಲಿ ಇಸ್ಕಾನ್ ಸ್ಥಾಪಿಸಿದರು. 1967ರ ಜನವರಿಯಲ್ಲಿ ಶಿಷ್ಯರ ಕರೆಗೆ ಓಗೊಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಆಗಿನ್ನೂ ಎಲ್ಲರೂ ಅವರನ್ನು ‘ಸ್ವಾಮೀಜಿ’ ಎಂದೇ ಕರೆಯುತ್ತಿದ್ದರು.

ಆ ತಿಂಗಳು ಆ ಊರು ಊರಾಗಿ ಉಳಿದಿರಲಿಲ್ಲ. ಜನವರಿ 14ರಂದು ಗೋಲ್ಡನ್ ಗೇಟ್ ಉದ್ಯಾನದಲ್ಲಿ ಸಾವಿರಾರು ಯುವಕ ಯುವತಿಯರು ‘ಹ್ಯೂಮನ್ ಬೀ-ಇನ್’ ಎಂಬ ಮೇಳ ನಡೆಸಿದ್ದರು. ವಿಯೆಟ್ನಾಂ ಯುದ್ಧದ ಮೇಲಿನ ಸಿಟ್ಟು, ಮನೆ ಬಿಟ್ಟು ಬಂದ ಹುಡುಗರು, ಎಲ್‌ಎಸ್‌ಡಿ ಅಮಲು, ಕಿವಿಗಡಚಿಕ್ಕುವ ರಾಕ್ ಸಂಗೀತ ಎಲ್ಲವೂ ಹೈಟ್-ಆಶ್‌ಬರಿ ಬಡಾವಣೆಯಲ್ಲಿ ಒಟ್ಟಿಗೆ ಸೇರಿದ್ದವು. ಅದರ ಪಕ್ಕದ ಫ್ರೆಡ್ರಿಕ್ ರಸ್ತೆಯ ಒಂದು ಅಂಗಡಿ ಮಳಿಗೆಯೇ ದೇವಸ್ಥಾನವಾಯಿತು. ಬೆಳಿಗ್ಗೆ 7ಕ್ಕೆ ಕೀರ್ತನೆ, ಪ್ರವಚನ, ಬಂದವರಿಗೆ ಪ್ರಸಾದ. ರಾತ್ರಿಯಿಡೀ ಬೀದಿಯಲ್ಲಿ ಅಲೆದು ಹಸಿದು ಬಂದ ಹುಡುಗರನ್ನು ಯಾರ ಮಗ, ಯಾವ ಮತ ಎಂದು ಕೇಳದೆ ಕೂರಿಸಿ ಬಡಿಸಿದರು.

ಜನವರಿ 29ರ ಭಾನುವಾರ ಸಂಜೆ ಶಿಷ್ಯರು ಆವಲಾನ್ ನೃತ್ಯಶಾಲೆಯಲ್ಲಿ ದೇವಸ್ಥಾನದ ಸಹಾಯಾರ್ಥ ‘ಮಂತ್ರ-ರಾಕ್ ಡಾನ್ಸ್’ ಏರ್ಪಡಿಸಿದರು. ಟಿಕೆಟ್ಟು ಎರಡೂವರೆ ಡಾಲರ್. ‘ಗ್ರೇಟ್‌ಫುಲ್ ಡೆಡ್’, ‘ಮೋಬಿ ಗ್ರೇಪ್’, ಜಾನಿಸ್ ಜಾಪ್ಲಿನ್ ಹಾಡುತ್ತಿದ್ದ ತಂಡ, ಹೀಗೆ ಮೂರು ರಾಕ್ ತಂಡಗಳು ಬಂದಿದ್ದವು. ಸಂನ್ಯಾಸಿಯಾದವರು ಇಂಥ ಕಡೆ ಕಾಲಿಡುವುದೇ ಎಂದು ನ್ಯೂಯಾರ್ಕಿನ ಕೆಲವು ಶಿಷ್ಯರು ಆಕ್ಷೇಪಿಸಿದ್ದರು. ಸ್ವಾಮೀಜಿ ಹೋದರು. ಗೋಡೆಯ ಮೇಲೆ ಕೃಷ್ಣನ ಚಿತ್ರಗಳು, ‘ಹರೇ ಕೃಷ್ಣ’ ಮಹಾಮಂತ್ರದ ಅಕ್ಷರಗಳು ಬೆಳಕಿನಲ್ಲಿ ಮೂಡಿದ್ದವು. ಕವಿ ಅಲೆನ್ ಗಿನ್ಸ್‌ಬರ್ಗ್ ಸ್ವಾಮೀಜಿಯನ್ನು ಸಭೆಗೆ ಪರಿಚಯಿಸಿದರು. ಕೀರ್ತನೆ ಏರುತ್ತಿದ್ದಂತೆ 70ರ ಆ ವೃದ್ಧರು ಎದ್ದು, ಎರಡೂ ಕೈ ಮೇಲೆತ್ತಿ ಹೆಜ್ಜೆ ಹಾಕಿದರು. ಸುಮಾರು 3,000 ಜನ ಅವರೊಂದಿಗೆ ಕುಣಿದರು. ಆ ಗದ್ದಲಕ್ಕೆ ಹೆದರಿ ಅವರು ಬಾಗಿಲು ಹಾಕಿಕೊಳ್ಳಲಿಲ್ಲ. ಜನರನ್ನು ಮೆಚ್ಚಿಸಲೆಂದು ತಮ್ಮ ಆಚಾರವನ್ನೂ ಸಡಿಲಿಸಲಿಲ್ಲ. ದೀಕ್ಷೆ ಬೇಕೆಂದು ಬಂದವರಿಗೆ ಮಾಂಸ, ಅಮಲು, ಜೂಜು, ಅನೈತಿಕ ಸಂಗ ನಾಲ್ಕನ್ನೂ ಬಿಡಬೇಕೆಂದು ನೇರವಾಗಿಯೇ ಹೇಳಿದರು.

ಅದೇ ವರ್ಷ ಜುಲೈ 9ರಂದು ಆ ಬೀದಿಗಳಲ್ಲೇ ಜಗನ್ನಾಥನ ರಥಯಾತ್ರೆ ಹೊರಟಿತು. ರಥವೆಂದರೆ ಹೂವು, ಮಂಟಪ ಕಟ್ಟಿದ ಒಂದು ಟ್ರಕ್ಕು. ಪಾಶ್ಚಾತ್ಯ ಜಗತ್ತಿನ ಮೊದಲ ರಥಯಾತ್ರೆ ಅದು.

ಕನ್ನಡಿಗರಿಗೆ ಈ ಕಥೆ ದೂರದ್ದಲ್ಲ. ಪ್ರಭುಪಾದರ ಗೌಡೀಯ ಪರಂಪರೆ ತನ್ನ ಗುರುಮಾಲಿಕೆಯಲ್ಲಿ ಶ್ರೀ ಮಧ್ವಾಚಾರ್ಯರನ್ನು ಸ್ಮರಿಸುತ್ತದೆ. ಆ ಪರಂಪರೆಯ ಮೂಲಪುರುಷರಾದ ಚೈತನ್ಯ ಮಹಾಪ್ರಭುಗಳು ಉಡುಪಿಗೆ ಬಂದು ಕೃಷ್ಣನ ದರ್ಶನ ಮಾಡಿದ್ದನ್ನು ‘ಚೈತನ್ಯ ಚರಿತಾಮೃತ’ ಹೇಳುತ್ತದೆ. ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ, ಸಂತೆ ಬೀದಿಯ ನಡುವೆ ಹರಿನಾಮ ಹಾಡಿದ ಪುರಂದರದಾಸರ ನಾಡು ನಮ್ಮದು. ಆವಲಾನ್‌ನಲ್ಲಿ ನಡೆದದ್ದು ದಾಸರ ಉಂಛವೃತ್ತಿಗೆ ಹೊರತಾದದ್ದೇನಲ್ಲ.

ನಮ್ಮ ಗಿರಿಯಲ್ಲಿ ಇಂದಿಗೂ ಆ ಜನವರಿಯ ಕ್ರಮವೇ ನಡೆದಿದೆ. ಮೆಟ್ಟಿಲೇರುವ ಭಕ್ತರು 108 ಕಲ್ಲುಗಳ ಮೇಲೆ ಒಂದೊಂದರಲ್ಲೂ ನಿಂತು ಮಹಾಮಂತ್ರ ಹೇಳುತ್ತಾರೆ. ಅಜ್ಜಿಯ ಕೈ ಹಿಡಿದ ಮಗು, ಕಚೇರಿಯಿಂದ ನೇರ ಬಂದ ಹುಡುಗ, ಭಾಷೆ ಬಾರದ ವಿದೇಶಿ, ಎಲ್ಲರಿಗೂ ಒಂದೇ ಸಾಲು. ಪ್ರಹ್ಲಾದ ನರಸಿಂಹ, ಶ್ರೀನಿವಾಸ ಗೋವಿಂದನ ದರ್ಶನ ಮಾಡಿ ರಾಧಾಕೃಷ್ಣಚಂದ್ರನ ಮುಂದೆ ನಿಂತು, ಪ್ರಸಾದ ತಗೊಂಡು ಇಳಿಯುತ್ತಾರೆ. ನಾಮದ ಜೊತೆ ಅನ್ನವೂ ಇರಬೇಕೆಂಬ ಆ ನೇಮವೇ 2000ದ ಜೂನ್‌ನಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಬಿಸಿಯೂಟ ಬಡಿಸಿ ‘ಅಕ್ಷಯ ಪಾತ್ರ’ವಾಯಿತು. ಇಂದು ಅದು ದೇಶದಾದ್ಯಂತ 20 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮುಟ್ಟುತ್ತಿದೆ.

ವೈಕುಂಠ ಏಕಾದಶಿ, ಜನ್ಮಾಷ್ಟಮಿಗಳಂದು ಕಾರ್ಡ್ ರಸ್ತೆಯ ವಾಹನ ಸಂಚಾರ ತೆವಳುತ್ತದೆ, ಸಾಲು ಬೆಳೆಯುತ್ತದೆ, ಸುತ್ತಲ ಮನೆಯವರಿಗೆ ತೊಂದರೆಯೂ ಆಗುತ್ತದೆ. ಅಂಥ ದಿನ ಸಾಲಿನಲ್ಲಿ ನಿಂತವರಿಗೆ ನೀರು ಕೊಡುವುದು, ವಯಸ್ಸಾದವರನ್ನು ಕೈಹಿಡಿದು ಹತ್ತಿಸುವುದು, ಬಿದ್ದ ದೊನ್ನೆ ಹೆಕ್ಕುವುದು, ನೆರೆಮನೆಯ ಗೇಟಿನ ಮುಂದೆ ಗಾಡಿ ನಿಲ್ಲದಂತೆ ನೋಡಿಕೊಳ್ಳುವುದು, ಇವೆಲ್ಲ ಗರ್ಭಗುಡಿಯ ಆರತಿಯಷ್ಟೇ ದೊಡ್ಡ ಸೇವೆ. ಗುರುತುಪರಿಚಯವಿಲ್ಲದ ಊರಿನಲ್ಲಿ, ಗದ್ದಲದ ನಡುವೆ, ಮುಪ್ಪಿನ ಕಾಲದಲ್ಲಿ ಒಬ್ಬರು ಅಷ್ಟು ಮಾಡಿದರು. ಸ್ವಂತ ಊರಿನಲ್ಲಿರುವ ನಾವು, ಅದರಲ್ಲೂ ಬಸವೇಶ್ವರನಗರ, ವಿಜಯನಗರ, ರಾಜಾಜಿನಗರದ ಯುವಕರು, ಮುಂದಿನ ಉತ್ಸವಕ್ಕೆ ದರ್ಶನಾರ್ಥಿಗಳಾಗಿ ಬರುವ ಮೊದಲು ಸ್ವಯಂಸೇವಕರಾಗಿ ಹೆಸರು ಕೊಡಬೇಕು. ಈ ಸಂಚಿಕೆ ಓದುವ ಪ್ರತಿ ಮನೆಯಿಂದ ಒಬ್ಬರಾದರೂ ಬರಲಿ ಎಂಬುದು ನನ್ನ ಪ್ರಾರ್ಥನೆ.