ಮಗ್ಗದ ವಂಶಾವಳಿ

ನೂಲನ್ನು ಉಡುವುದಕ್ಕಾಗಲಿ ಹೊದೆಯುವುದಕ್ಕಾಗಲಿ ಅಲ್ಲದೆ ಕೇವಲ ರೂಪಸೃಷ್ಟಿಗಾಗಿ ಬಳಸುವ ಆಧುನಿಕ ತಂತುಕಲೆಯ ಚರಿತ್ರೆಯನ್ನು ಬರೆಯುವವರು ಅನೇಕವೇಳೆ 1962ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ನಡೆದ ಪ್ರದರ್ಶನದಿಂದ ತೊಡಗುತ್ತಾರೆ. ಆದರೆ ಅದೇ ದೇಶದ ಬಾಸೆಲ್ ನಗರದಿಂದ ಒಂದು ಶತಮಾನಕ್ಕೂ ಮುಂಚೆ ಹೊರಟ ಎಳೆಯೊಂದು ನೇತ್ರಾವತಿಯ ದಡವನ್ನು ಮುಟ್ಟಿ, ಇಲ್ಲಿಯ ಕೈಗಳಿಂದ ಗಟ್ಟಿಗೊಂಡು, ಮತ್ತೆ ಆ ಕಲೆಯನ್ನೇ ಹೋಗಿ ಸೇರಿತೆಂಬುದನ್ನು ಉಳ್ಳಾಲದ ಕಡೆಯವರಾದ ನಾವಾದರೂ ಮರೆಯಬಾರದು.

ಬಾಸೆಲಿನ ಮಿಷನರಿಗಳು ಬರುವುದಕ್ಕೆ ಮುಂಚೆ ಇಲ್ಲಿ ಮಗ್ಗವಿರಲಿಲ್ಲವೆಂದು ಯಾರೂ ಭಾವಿಸತಕ್ಕದ್ದಲ್ಲ. 1623ರಲ್ಲಿ ಈ ಸೀಮೆಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ನೀರಿನ ಕಾಲುವೆಯ ಕೆಲಸವನ್ನು ನೋಡಲು ಬರಿಗಾಲಿನಲ್ಲಿ ನಡೆದು ಬರುತ್ತಿದ್ದ ಉಳ್ಳಾಲದ ರಾಣಿಯನ್ನು ದಾರಿಯಲ್ಲಿ ಕಂಡು, ಆಕೆ ಉಟ್ಟಿದ್ದುದು ಯಾವ ಅಲಂಕಾರವೂ ಇಲ್ಲದ ದಪ್ಪನೆಯ ಹತ್ತಿಯ ಬಟ್ಟೆಯೆಂದೂ, ತಲೆಯ ಮೇಲಿಂದ ಹೆಗಲಿಗಿಳಿದ ಇನ್ನೊಂದು ವಸ್ತ್ರದ ಹೊರತು ಬೇರೆ ಉಡುಗೆಯಿರಲಿಲ್ಲವೆಂದೂ ಬರೆದಿಟ್ಟನು. ಪೋರ್ಚುಗೀಸರೊಡನೆ ಸೆಣಸಿದ ಮನೆತನದ ರಾಣಿ ಅಂಥ ಸರಳ ವಸ್ತ್ರದಲ್ಲಿ ಪ್ರಜೆಗಳ ಮುಂದೆ ನಿಲ್ಲುತ್ತಿದ್ದಳೆಂಬುದು ನನಗೆ ಆ ಬಟ್ಟೆಗೆ ಸಂದ ಪರಮ ಗೌರವವಾಗಿ ತೋರುತ್ತದೆ. ತುಳುನಾಡಿನಲ್ಲಿ ನೇಯ್ಗೆ ಶೆಟ್ಟಿಗಾರರೆನಿಸಿದ ಪದ್ಮಶಾಲಿಗಳ ಕುಲವೃತ್ತಿ. ಅವರ ಆರಾಧ್ಯನಾದ ವೀರಭದ್ರನ ಗುಡಿ ಉಳ್ಳಾಲದಲ್ಲಿಯೂ ಇದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನು, ಮತಾಂತರದಿಂದ ಜಾತಿಯನ್ನೂ ಜೀವನೋಪಾಯವನ್ನೂ ಒಟ್ಟಿಗೆ ಕಳೆದುಕೊಂಡವರಿಗೆ ಕೆಲಸ ಕೊಡುವ ಸಲುವಾಗಿ ನೇಯ್ಗೆಯನ್ನು ಕೈಗೆತ್ತಿಕೊಂಡಿತು. 1851ರಲ್ಲಿ ಬಂದ ನೇಕಾರ ಜಾನ್ ಹಾಲರ್ ಬಲ್ಮಠದಲ್ಲಿ ಯುರೋಪಿನ ರೀತಿಯ ಮಗ್ಗಗಳನ್ನು ಹೂಡಿ, ಬಣ್ಣದ ಮನೆಯನ್ನು ಕಟ್ಟಿದನು. ಗೇರುಮರದ ತೊಗಟೆಯ ರಸದಿಂದ ಆತ ಖಾಕಿಯನ್ನು ಸಾಧಿಸಿದನೆಂಬ ಕೀರ್ತಿ ಇಲ್ಲಿ ಪ್ರಸಿದ್ಧ; ವಾಯವ್ಯ ಗಡಿಯ ಸೈನ್ಯದಲ್ಲಿ ಖಾಕಿಯುಡುಗೆ ಅದಕ್ಕೂ ಕೆಲವು ವರ್ಷ ಮೊದಲೇ ಇದ್ದುದರಿಂದ, ಬಣ್ಣದ ಮೂಲವಲ್ಲ, ಮಾಸದ ಬಣ್ಣವನ್ನು ಬಟ್ಟೆಗೆ ಹಿಡಿಸಿದ ಜಾಣ್ಮೆಯೇ ಮಂಗಳೂರಿನದೆಂದು ಹೇಳುವುದು ನ್ಯಾಯ. ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ಕರಾವಳಿಯ ನೇಕಾರರಲ್ಲಿ ಮಲಬಾರ್ ಚೌಕಟ್ಟಿನ ಮಗ್ಗ ಹರಡಿದುದು ಈ ಕಾರ್ಖಾನೆಗಳ ಫಲ.

ಮಿಷನ್ನಿನ ನೇಯ್ಗೆ ಕಣ್ಣೂರು, ಕಲ್ಲಿಕೋಟೆಗಳಿಗೂ ಹಬ್ಬಿತು. ಒಂದನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಪ್ಯಾರಿಸಿನಲ್ಲಿ ನೆಲೆಸಿದ ಅಮೆರಿಕದ ಕಲಾವಿದೆ ಶೀಲಾ ಹಿಕ್ಸ್ 1966ರಲ್ಲಿ ಬಂದು ಕೆಲಸ ಮಾಡಿದುದು ಕಲ್ಲಿಕೋಟೆಯ ಆ ಟ್ರಸ್ಟಿನ ಮಗ್ಗಶಾಲೆಯಲ್ಲಿಯೇ. ಅಲ್ಲಿ ರೂಪುಗೊಂಡ, ವಡಗರ ಪಟ್ಟಣದ ಹೆಸರನ್ನು ಹೊತ್ತ ದಪ್ಪ ಹತ್ತಿಯ ನೇಯ್ಗೆ ಇಂದು ತಂತುಕಲೆಯ ಗಣ್ಯಕೃತಿಗಳಲ್ಲಿ ಎಣಿಸಲ್ಪಡುತ್ತದೆ. ಆಕೆಯ ಪ್ರತಿಭೆಗೆ ನಾನು ತಲೆಬಾಗುತ್ತೇನೆ. ಆದರೆ ಆಕೆಯ ಕಲ್ಪನೆಯನ್ನು ಹಾಸುಹೊಕ್ಕಿನಲ್ಲಿ ಸಾಕ್ಷಾತ್ಕರಿಸಿದ ನೇಕಾರರನ್ನೂ ಕಲೆಯ ಚರಿತ್ರೆ ಕಲಾವಿದರೆಂದೇ ಗಣಿಸಬೇಕೆಂದು ನನ್ನ ದೃಢವಾದ ಮತ.

ನಮ್ಮ ಕಡೆಯ ಮಗ್ಗಗಳು ಮಾತ್ರ ಒಂದೊಂದಾಗಿ ನಿಂತುಹೋಗಿ, ಶೆಟ್ಟಿಗಾರರ ಮಕ್ಕಳು ಬೇರೆ ಉದ್ಯೋಗಗಳನ್ನು ಹಿಡಿದರು. ಈ ಮಗ್ಗಗಳಲ್ಲಿ ನೇಯುತ್ತಿದ್ದ ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯುವ ಹೊತ್ತಿಗೆ ಅದನ್ನು ನೇಯಬಲ್ಲವರು ವಿರಳವಾಗಿದ್ದರು. ಈಚೆಗೆ ಕದಿಕೆ ಟ್ರಸ್ಟಿನ ಪ್ರಯತ್ನದಿಂದ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದಲ್ಲಿ ಮಗ್ಗಗಳು ಮತ್ತೆ ನಡೆಯುತ್ತಿವೆ. ಎಳೆಯ ಅಡಿಕೆಯನ್ನು ಬೇಯಿಸಿದ ಚೊಗರಿನಲ್ಲಿ ನೂಲನ್ನದ್ದಿ ಕಂದುಬಣ್ಣ ಹಿಡಿಸುವ ಕ್ರಮವನ್ನೂ ಅಲ್ಲಿ ಬಳಕೆಗೆ ತಂದಿದ್ದಾರೆ.