ಕಪ್ ಗೆದ್ದರೂ ತೆರೆಯದ ಬಾಗಿಲು: ರಾಚೆಸ್ಟರ್ ರೈನೋಸ್ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ

ಪೀಠಿಕೆ

ಅಮೆರಿಕದಲ್ಲಿ ಎಲ್ಲ ಹಂತದ ಫುಟ್‌ಬಾಲ್ ಕ್ಲಬ್ಬುಗಳಿಗೂ ತೆರೆದಿರುವ ಟೂರ್ನಿ ಯು.ಎಸ್. ಓಪನ್ ಕಪ್. 1914ರಲ್ಲಿ ಅದರ ಮೊದಲ ಫೈನಲ್ ನಡೆಯಿತು. ಅಗ್ರ ಲೀಗಾದ ಮೇಜರ್ ಲೀಗ್ ಸಾಕರ್ (ಎಂಎಲ್‌ಎಸ್) 1996ರಲ್ಲಿ ಶುರುವಾದ ಮೇಲೆ ಆ ಲೀಗಿನ ಹೊರಗಿನ ಕ್ಲಬ್ಬೊಂದು ಈ ಕಪ್ಪನ್ನು ಗೆದ್ದಿರುವುದು ಒಂದೇ ಬಾರಿ, 1999ರಲ್ಲಿ. ಗೆದ್ದ ತಂಡ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ರೈನೋಸ್. ಆ ಕ್ಲಬ್ ಈಗ ಇಲ್ಲ. 2023ರ ಮಾರ್ಚ್‌ನಲ್ಲಿ ಅದು ಶಾಶ್ವತವಾಗಿ ಮುಚ್ಚಿಹೋಯಿತು.

ಆಡಿ ಗೆಲ್ಲುವುದರಲ್ಲಿ ಯಾರಿಗೂ ಕಡಿಮೆಯಿಲ್ಲದ, ಎರಡನೆಯ ದರ್ಜೆಯ ಈ ಕ್ಲಬ್ ಮೇಲಿನ ದರ್ಜೆಗೆ ಏರಲಾರದೆ ಹೋದದ್ದೇಕೆ ಎಂಬುದು ಈ ಲೇಖನದ ಪ್ರಶ್ನೆ. ಕಾರಣವನ್ನು ಮೈದಾನದೊಳಗೆ ಹುಡುಕಿದರೆ ಸಿಗುವುದಿಲ್ಲ, ಲೀಗಿನ ರಚನೆಯಲ್ಲಿ ಹುಡುಕಬೇಕು ಎಂಬುದು ಇಲ್ಲಿನ ವಾದ.

ಲ್ಯಾನ್ಸರ್ಸ್ ಕಾಲ: 1967–1980

ಒಂಟಾರಿಯೊ ಸರೋವರದ ದಕ್ಷಿಣ ತೀರಕ್ಕೆ ಹತ್ತಿರ, ಜೆನೆಸೀ ನದಿಯ ಎರಡೂ ದಂಡೆಗಳಲ್ಲಿ ಬೆಳೆದ ಊರು ರಾಚೆಸ್ಟರ್. ಈಸ್ಟ್‌ಮನ್ ಕೊಡಾಕ್, ಜೆರಾಕ್ಸ್, ಬಾಷ್ ಅಂಡ್ ಲಾಂಬ್ ಹುಟ್ಟಿದ್ದು ಇಲ್ಲೇ. ಕಾರ್ಖಾನೆಗಳ ಕೆಲಸ ಅರಸಿ ಬಂದ ಇಟಾಲಿಯನ್ನರು ಮತ್ತು ಯುರೋಪಿನ ಇತರ ವಲಸಿಗರು ಫುಟ್‌ಬಾಲನ್ನೂ ಜೊತೆಗೆ ತಂದರು.

1967ರಲ್ಲಿ ರಾಚೆಸ್ಟರ್ ಲ್ಯಾನ್ಸರ್ಸ್ ಎಂಬ ವೃತ್ತಿಪರ ತಂಡ ಹುಟ್ಟಿ, ಅಮೆರಿಕನ್ ಸಾಕರ್ ಲೀಗ್ ಎಂಬ ಸಣ್ಣ ಲೀಗಿನಲ್ಲಿ ಆಡತೊಡಗಿತು. ಆಗಿನ ಅಗ್ರ ಲೀಗ್ ನಾರ್ತ್ ಅಮೆರಿಕನ್ ಸಾಕರ್ ಲೀಗ್ (ಎನ್‌ಎಎಸ್‌ಎಲ್). ಅದರ ಸ್ಥಿತಿ ಎಷ್ಟು ಹದಗೆಟ್ಟಿತ್ತೆಂದರೆ 1969ರಲ್ಲಿ ಉಳಿದಿದ್ದದ್ದು ಐದೇ ತಂಡ. ತಂಡಗಳ ಕೊರತೆ ತುಂಬಿಸಲು 1970ರಲ್ಲಿ ಲ್ಯಾನ್ಸರ್ಸ್ ಮತ್ತು ವಾಷಿಂಗ್ಟನ್ ಡಾರ್ಟ್ಸ್ ತಂಡಗಳನ್ನು ಅದು ಕೆಳಗಿನ ಲೀಗಿನಿಂದ ಸೇರಿಸಿಕೊಂಡಿತು. ಹೀಗೆ ಮೇಲೆ ಬಂದ ಇವೆರಡೇ ಆ ವರ್ಷದ ಫೈನಲ್ ಆಡಿದವು. ಎರಡು ಪಂದ್ಯಗಳ ಒಟ್ಟು ಗೋಲುಗಳಲ್ಲಿ 4–3ರಿಂದ ಗೆದ್ದು ಲ್ಯಾನ್ಸರ್ಸ್ ರಾಷ್ಟ್ರೀಯ ಚಾಂಪಿಯನ್ ಆಯಿತು.

ಮರುವರ್ಷದ ಸೆಮಿಫೈನಲ್‌ನಲ್ಲಿ ಎದುರಾದದ್ದು ಡಲ್ಲಾಸ್ ಟೊರ್ನಾಡೊ. 1971ರ ಸೆಪ್ಟೆಂಬರ್ 1ರಂದು ನಡೆದ ಮೊದಲ ಪಂದ್ಯ ನಿಗದಿತ 90 ನಿಮಿಷಕ್ಕೆ ಮುಗಿಯಲಿಲ್ಲ. ಯಾರು ಮೊದಲು ಗೋಲು ಹೊಡೆಯುತ್ತಾರೋ ಅವರಿಗೆ ಜಯ ಎಂಬ ನಿಯಮದಡಿ ಹದಿನೈದು ನಿಮಿಷಗಳ ಹೆಚ್ಚುವರಿ ಅವಧಿಗಳು ಒಂದಾದ ಮೇಲೊಂದರಂತೆ ಕಳೆದವು. ಆರನೆಯ ಅವಧಿಯಲ್ಲಿ, ಆಟದ 176ನೇ ನಿಮಿಷದಲ್ಲಿ, ಬ್ರೆಜಿಲ್ ಮೂಲದ ಕಾರ್ಲೋಸ್ ಮೆಟಿಡಿಯೆರಿ ಗೋಲು ಹೊಡೆದು ರಾಚೆಸ್ಟರ್‌ಗೆ 2–1ರ ಜಯ ತಂದರು. ಹತ್ತಿರಹತ್ತಿರ ಎರಡು ಪೂರ್ಣ ಪಂದ್ಯಗಳಷ್ಟು ಹೊತ್ತು ಆಟಗಾರರು ಓಡಿದ್ದರು. ಆದರೆ ಉಳಿದೆರಡು ಪಂದ್ಯ ಗೆದ್ದು ಫೈನಲ್ ತಲುಪಿದ್ದು ಡಲ್ಲಾಸ್; ಕೊನೆಗೆ ಪ್ರಶಸ್ತಿಯೂ ಅದರದೇ ಆಯಿತು. ಆ ತಂಡದ ಮಾಲೀಕ ಲಾಮಾರ್ ಹಂಟ್, ಅಮೆರಿಕದ ಫುಟ್‌ಬಾಲಿಗೆ ದಶಕಗಳ ಕಾಲ ಹಣ ಸುರಿದ ಉದ್ಯಮಿ. ಆ ಹೆಸರು ರಾಚೆಸ್ಟರ್‌ನ ಚರಿತ್ರೆಯಲ್ಲಿ ಮತ್ತೊಮ್ಮೆ ಬರುತ್ತದೆ.

1980ರ ನಂತರ ಲ್ಯಾನ್ಸರ್ಸ್ ಎನ್‌ಎಎಸ್‌ಎಲ್‌ನಿಂದ ಮರೆಯಾಯಿತು. ದುಂದುವೆಚ್ಚದ ಭಾರ ತಾಳದೆ 1984ರ ಬಳಿಕ ಆ ಲೀಗೂ ಉಳಿಯಲಿಲ್ಲ. ಈ ಘಟ್ಟದಲ್ಲಿ ಗಮನಿಸಬೇಕಾದ್ದು ಒಂದಿದೆ: 1970ರಲ್ಲಿ ರಾಚೆಸ್ಟರ್ ಮೇಲೇರಿದ್ದು ಅಗ್ರ ಲೀಗಿಗೆ ಅದರ ಅಗತ್ಯ ಬಿದ್ದಿದ್ದರಿಂದ.

ರೈನೋಸ್ ಉದಯ ಮತ್ತು 1999ರ ಕಪ್

ಎಂಎಲ್‌ಎಸ್ ಹತ್ತು ತಂಡಗಳೊಂದಿಗೆ ಆರಂಭವಾದ 1996ರಲ್ಲೇ ರಾಚೆಸ್ಟರ್ ರೇಜಿಂಗ್ ರೈನೋಸ್ ಕೂಡ ಹುಟ್ಟಿ ಎರಡನೆಯ ದರ್ಜೆಯ ಎ-ಲೀಗ್ ಸೇರಿತು. ಬೇಸ್‌ಬಾಲ್‌ಗೆಂದು ಕಟ್ಟಿದ ಫ್ರಾಂಟಿಯರ್ ಫೀಲ್ಡ್ ಅದರ ಮೈದಾನ. ಮೊದಲ ವರ್ಷವೇ ಓಪನ್ ಕಪ್‌ನಲ್ಲಿ ಟ್ಯಾಂಪಾ ಬೇ ಮ್ಯೂಟಿನಿ, ಕೊಲರಾಡೊ ರ‍್ಯಾಪಿಡ್ಸ್ ಎಂಬ ಎರಡು ಎಂಎಲ್‌ಎಸ್ ತಂಡಗಳನ್ನು ಸೋಲಿಸಿ ಫೈನಲ್ ತಲುಪಿತು, ಅಲ್ಲಿ ಡಿ.ಸಿ. ಯುನೈಟೆಡ್ ಎದುರು 3–0ರಿಂದ ಸೋತಿತು. 1990ರ ದಶಕದ ಕೊನೆಯ ವರ್ಷಗಳಲ್ಲಿ ತವರು ಪಂದ್ಯಗಳಿಗೆ ಬರುತ್ತಿದ್ದ ಪ್ರೇಕ್ಷಕರ ಸರಾಸರಿ ಹತ್ತು ಸಾವಿರ ದಾಟಿತ್ತು. ಎರಡನೆಯ ದರ್ಜೆಯ ಲೀಗಿಗೆ ಇದು ಅಸಾಧಾರಣ ಸಂಖ್ಯೆ. ತರಬೇತುದಾರ ಪ್ಯಾಟ್ ಎರ್ಕೊಲಿ ಅವರ ಕೈಕೆಳಗೆ ತಂಡ 1998, 2000 ಮತ್ತು 2001ರಲ್ಲಿ ಎ-ಲೀಗ್ ಚಾಂಪಿಯನ್ ಆಯಿತು.

1999ರಲ್ಲಿ ಓಪನ್ ಕಪ್ಪಿಗೆ ಲಾಮಾರ್ ಹಂಟ್ ಅವರ ಹೆಸರಿಡಲಾಯಿತು. ಆ ವರ್ಷ ರೈನೋಸ್ ಮೊದಲು ಸೋಲಿಸಿದ ಎಂಎಲ್‌ಎಸ್ ತಂಡ ಚಿಕಾಗೊ ಫೈರ್. ಹಿಂದಿನ ವರ್ಷ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿದ್ದ ತಂಡವದು. ಮುಂದೆ ಡಲ್ಲಾಸ್ ಬರ್ನ್, ಸೆಮಿಫೈನಲ್‌ನಲ್ಲಿ 3–2ರಿಂದ ಕೊಲಂಬಸ್ ಕ್ರೂ ಮಣಿದವು. ಸೆಪ್ಟೆಂಬರ್ 14ರ ಫೈನಲ್ ನಡೆದದ್ದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ, ಫುಟ್‌ಬಾಲಿಗೆಂದೇ ಹಂಟ್ ಕಟ್ಟಿಸಿದ ಹೊಸ ಕ್ರೀಡಾಂಗಣದಲ್ಲಿ. ಎದುರಾಳಿ ಕೊಲರಾಡೊ ರ‍್ಯಾಪಿಡ್ಸ್. ಒಂದು ಗಂಟೆ ಕಳೆದರೂ ಗೋಲಿರಲಿಲ್ಲ. 66ನೇ ನಿಮಿಷದಲ್ಲಿ ಡಗ್ ಮಿಲ್ಲರ್ ಗೋಲು ಹೊಡೆದು ಮುನ್ನಡೆ ತಂದರು. ಪಂದ್ಯ ಮುಗಿಯುವ ಹೊತ್ತಿಗೆ ಯಾರಿ ಆಲ್ನಟ್ ಎರಡನೆಯ ಗೋಲು ಸೇರಿಸಿದರು. ರೈನೋಸ್ 2–0. ಒಂದೇ ಟೂರ್ನಿಯಲ್ಲಿ ನಾಲ್ಕು ಎಂಎಲ್‌ಎಸ್ ತಂಡಗಳನ್ನು ಮಣಿಸಿದ ಈ ಸಾಧನೆಯನ್ನು ಅದೃಷ್ಟದ ಆಟ ಎನ್ನಲಾಗದು. ಆ ನಂತರ 2008ರಲ್ಲಿ ಚಾರ್ಲ್ಸ್‌ಟನ್ ಬ್ಯಾಟರಿ, 2022ರಲ್ಲಿ ಸ್ಯಾಕ್ರಮೆಂಟೊ ರಿಪಬ್ಲಿಕ್ ಎಂಬ ಕೆಳದರ್ಜೆಯ ತಂಡಗಳು ಫೈನಲ್‌ವರೆಗೆ ಬಂದವು. ಗೆಲ್ಲಲು ಅವುಗಳಿಗೂ ಆಗಲಿಲ್ಲ.

ಕ್ರೀಡಾಂಗಣದ ಕನಸು

ಬಡ್ತಿ–ಹಿಂಬಡ್ತಿ ಪದ್ಧತಿ ಇರುವ ದೇಶಗಳಲ್ಲಿ ಎರಡನೆಯ ದರ್ಜೆಯ ಚಾಂಪಿಯನ್ ಮುಂದಿನ ವರ್ಷ ಮೊದಲನೆಯ ದರ್ಜೆಯಲ್ಲಿ ಆಡುತ್ತದೆ. ಆ ಪದ್ಧತಿಯಿಲ್ಲದ ಎಂಎಲ್‌ಎಸ್‌ಗೆ ಸೇರಲು ಹೂಡಿಕೆದಾರರು ಅರ್ಜಿ ಹಾಕಬೇಕು, ಪ್ರವೇಶ ಶುಲ್ಕ ಕಟ್ಟಬೇಕು, ಲೀಗ್ ಒಪ್ಪಬೇಕು. ಅದಕ್ಕೆ ಬೇಕಾದ ಅರ್ಹತೆಯನ್ನು ತೋರಿಸಲು ರಾಚೆಸ್ಟರ್ ಸ್ವಂತ ಕ್ರೀಡಾಂಗಣ ಕಟ್ಟಲು ಹೊರಟಿತು. ರಾಜ್ಯ ಸರ್ಕಾರದ ನೆರವೂ ಸೇರಿ ಸುಮಾರು 3.5 ಕೋಟಿ ಡಾಲರ್ ವೆಚ್ಚದಲ್ಲಿ, 13,768 ಆಸನಗಳ ಪೇಟೆಕ್ ಪಾರ್ಕ್ 2006ರ ಜೂನ್‌ನಲ್ಲಿ ತೆರೆಯಿತು.

ಹೊತ್ತು ಮೀರಿತ್ತು. 2005ರಲ್ಲಿ ಎಂಎಲ್‌ಎಸ್ ಸೇರಿದ ರಿಯಲ್ ಸಾಲ್ಟ್ ಲೇಕ್ ಈ ವಿಷಯದಲ್ಲಿ ಒಳ್ಳೆಯ ಹೋಲಿಕೆ. ಸಾಲ್ಟ್ ಲೇಕ್ ಮಹಾನಗರ ಪ್ರದೇಶದ ಜನಸಂಖ್ಯೆಯೂ ರಾಚೆಸ್ಟರ್‌ನಂತೆ ಸುಮಾರು ಹತ್ತು ಲಕ್ಷ. ಆ ತಂಡಕ್ಕೆ ಆಡಿದ ಇತಿಹಾಸವೇ ಇರಲಿಲ್ಲ. ಇದ್ದದ್ದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಮುನ್ನಡೆಸಿದ್ದ ಡೇವ್ ಚೆಕೆಟ್ಸ್ ಎಂಬ ಮಾಲೀಕ. ಊರಿನ ಗಾತ್ರವೊಂದೇ ಅಡ್ಡಿ ಎಂಬ ವಾದ ಈ ಉದಾಹರಣೆಯ ಮುಂದೆ ನಿಲ್ಲುವುದಿಲ್ಲ. ಆಗ ವರದಿಯಾದ ಪ್ರವೇಶ ಶುಲ್ಕ 75 ಲಕ್ಷ ಡಾಲರ್. ರಾಚೆಸ್ಟರ್‌ನಲ್ಲಿ ಕ್ರೀಡಾಂಗಣಕ್ಕೆ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ಹಣ ಹೋಯಿತು, ಬೆನ್ನಿಗೆ ನಿಲ್ಲುವ ಸಿರಿವಂತ ಮಾಲೀಕ ಮಾತ್ರ ಸಿಗಲಿಲ್ಲ.

ಕ್ರೀಡಾಂಗಣ ತೆರೆದ ಎರಡೇ ವರ್ಷದಲ್ಲಿ ಸಾಲದ ಹೊರೆಯಿಂದ ತಂಡ ಹಳೆಯ ಮಾಲೀಕರ ಕೈ ತಪ್ಪಿತು. ಮಾಲೀಕರೂ ಪ್ರಾಯೋಜಕರೂ ಬದಲಾಗುತ್ತ ಹೋದರು; ಪೇಟೆಕ್ ಪಾರ್ಕ್ ಎಂದಿದ್ದ ಫಲಕ ಸಾಲೆನ್ಸ್ ಸ್ಟೇಡಿಯಂ ಎಂದಾಯಿತು, ಆಮೇಲೆ ಕಪೆಲ್ಲಿ ಸ್ಪೋರ್ಟ್ ಸ್ಟೇಡಿಯಂ ಎಂದಾಯಿತು. ಊರಿನ ಬಲವೂ ಕುಗ್ಗುತ್ತಿತ್ತು. 1982ರಲ್ಲಿ ರಾಚೆಸ್ಟರ್ ಪ್ರದೇಶದಲ್ಲಿ ಸುಮಾರು 60,000 ಜನರಿಗೆ ಕೆಲಸ ಕೊಟ್ಟಿದ್ದ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿತು.

ಮತ್ತೆ ಗೆಲುವು, ಮತ್ತೆ ಮೌನ

ಹೀಗಿದ್ದೂ ಮೈದಾನದಲ್ಲಿ ತಂಡ ಸೊರಗಲಿಲ್ಲ. 2015ರಲ್ಲಿ ಬಾಬ್ ಲಿಲ್ಲಿ ಅವರ ತರಬೇತಿಯಲ್ಲಿ ರೈನೋಸ್ 28 ಲೀಗ್ ಪಂದ್ಯಗಳಲ್ಲಿ 17 ಗೆದ್ದಿತು, 10 ಡ್ರಾ ಮಾಡಿಕೊಂಡಿತು, ಸೋತದ್ದು ಒಂದೇ. ಫೈನಲ್‌ನಲ್ಲಿ ಎಲ್ಎ ಗ್ಯಾಲಕ್ಸಿಯ ಎರಡನೆಯ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಸೋಲಿಸಿ ತಾನು ಆಡುತ್ತಿದ್ದ ಯುನೈಟೆಡ್ ಸಾಕರ್ ಲೀಗಿನ (ಯುಎಸ್ಎಲ್) ಪ್ರಶಸ್ತಿ ಪಡೆಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2017ರ ಕೊನೆಯಲ್ಲಿ, ಹಣವಿಲ್ಲದೆ ಆಟ ನಿಲ್ಲಿಸಿತು.

ಇದೇ ಕ್ರೀಡಾಂಗಣದಲ್ಲಿ ಆಡುತ್ತಿದ್ದ ಮಹಿಳೆಯರ ತಂಡ ವೆಸ್ಟರ್ನ್ ನ್ಯೂಯಾರ್ಕ್ ಫ್ಲಾಶ್ ಕಥೆಯನ್ನೂ ಜೊತೆಗಿಟ್ಟು ನೋಡಬೇಕು. 2011ರಲ್ಲಿ ಬ್ರೆಜಿಲ್‌ನ ಮಾರ್ತಾ ಇದ್ದ ಈ ತಂಡ ಅಗ್ರ ಲೀಗನ್ನು ಗೆದ್ದಿತು. 2016ರಲ್ಲಿ ಮತ್ತೆ ರಾಷ್ಟ್ರೀಯ ಚಾಂಪಿಯನ್ ಆಯಿತು. 2017ರ ಜನವರಿಯಲ್ಲಿ ಅದರ ಲೀಗ್ ಹಕ್ಕು ಮಾರಾಟವಾಗಿ, ಚಾಂಪಿಯನ್ ತಂಡವೇ ನಾರ್ತ್ ಕ್ಯಾರೊಲೈನಾಕ್ಕೆ ಹೊರಟುಹೋಯಿತು. ಅಭಿಮಾನಿಗಳ ನಿಷ್ಠೆಗೆ ಆ ವ್ಯವಹಾರದಲ್ಲಿ ಯಾವ ಬೆಲೆಯೂ ಇರಲಿಲ್ಲ.

2021ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಆಟಗಾರ ಜೇಮಿ ವಾರ್ಡಿ ರೈನೋಸ್‌ನ ಸಹಮಾಲೀಕರಾದರು. ಇಂಗ್ಲೆಂಡಿನ ಕೆಳದರ್ಜೆಯ ಕ್ಲಬ್ಬುಗಳಿಂದ ಮೇಲೆ ಬಂದು, 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದವರು ಅವರು. ರಾಚೆಸ್ಟರ್ ನ್ಯೂಯಾರ್ಕ್ ಎಫ್‌ಸಿ ಎಂಬ ಹೊಸ ಹೆಸರಿನಲ್ಲಿ ಕ್ಲಬ್ 2022ರಲ್ಲಿ ಮೂರನೆಯ ದರ್ಜೆಯ ಎಂಎಲ್‌ಎಸ್ ನೆಕ್ಸ್ಟ್ ಪ್ರೊ ಸೇರಿತು. ಅಲ್ಲಿನ 21 ತಂಡಗಳಲ್ಲಿ 20 ತಂಡಗಳು ಎಂಎಲ್‌ಎಸ್ ಕ್ಲಬ್ಬುಗಳ ಮೀಸಲು ತಂಡಗಳು. ಸ್ವತಂತ್ರ ಕ್ಲಬ್ ಇದೊಂದೇ. ಒಂದೇ ಋತು ಆಡಿ ಅದು ಮುಚ್ಚಿತು.

ರಚನೆಯ ಪ್ರಶ್ನೆ

ಅಮೆರಿಕದ ಫುಟ್‌ಬಾಲ್ ಫೆಡರೇಷನ್ ದರ್ಜೆಗಳನ್ನು ನಿರ್ಧರಿಸುವುದು ಆಟದ ಫಲಿತಾಂಶದಿಂದಲ್ಲ. ಮೊದಲ ದರ್ಜೆಗೆ ಕನಿಷ್ಠ 15,000 ಆಸನ, ಎರಡನೆಯದಕ್ಕೆ 5,000, ಮೂರನೆಯದಕ್ಕೆ 1,000. ಮುಖ್ಯ ಮಾಲೀಕರ ಆಸ್ತಿ ಕ್ರಮವಾಗಿ 4 ಕೋಟಿ, 2 ಕೋಟಿ, 1 ಕೋಟಿ ಡಾಲರ್. ಈ ಮಾನದಂಡಗಳ ಹಿಂದೆ ಎನ್‌ಎಎಸ್‌ಎಲ್ ಕುಸಿತದ ಭಯವಿದೆ, ಆ ಭಯ ನಿರಾಧಾರವೂ ಅಲ್ಲ. ಹಿಂಬಡ್ತಿಯ ಆತಂಕವಿಲ್ಲದ ಕಡೆ ಹೂಡಿಕೆದಾರರು ಧೈರ್ಯವಾಗಿ ಹಣ ಹಾಕುತ್ತಾರೆ; ಎಂಎಲ್‌ಎಸ್ ಮೂರು ದಶಕ ಉಳಿದಿರುವುದಕ್ಕೆ ಅದೂ ಒಂದು ಕಾರಣ. ರಾಚೆಸ್ಟರ್‌ನ ಆಡಳಿತ ಸಾಲದ ವಿಷಯದಲ್ಲಿ ಎಡವಿತೆಂಬುದನ್ನೂ ಒಪ್ಪಬೇಕು.

ಆದರೆ ಈ ಭದ್ರತೆಗೆ ಬೆಲೆ ತೆತ್ತವರು ರಾಚೆಸ್ಟರ್‌ನಂಥ ಊರಿನವರು. ಪ್ರವೇಶ ಶುಲ್ಕ 2019ರಲ್ಲಿ ಲೀಗಿಗೆ ಬಂದ ಸಿನ್ಸಿನಾಟಿಗೆ ಸುಮಾರು 15 ಕೋಟಿ ಡಾಲರ್, 2025ರಲ್ಲಿ ಬಂದ ಸ್ಯಾನ್ ಡಿಯೆಗೊಗೆ ಸುಮಾರು 50 ಕೋಟಿ ಎಂದು ವರದಿಯಾಗಿದೆ. ಬಡ್ತಿ ಪದ್ಧತಿ ಜಾರಿಯಾಗಬೇಕೆಂದು ಮಯಾಮಿ ಎಫ್‌ಸಿ ಮತ್ತು ಕಿಂಗ್‌ಸ್ಟನ್ ಸ್ಟಾಕೇಡ್ ಕ್ಲಬ್ಬುಗಳು ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯ ಮೊರೆ ಹೋದವು. 2020ರಲ್ಲಿ ಅರ್ಜಿ ವಜಾ ಆಯಿತು. ಕೊನೆಗೆ 2025ರ ಮಾರ್ಚ್‌ನಲ್ಲಿ ಯುಎಸ್ಎಲ್ ಮಾಲೀಕರು ತಮ್ಮ ಲೀಗುಗಳೊಳಗೆ ಬಡ್ತಿ–ಹಿಂಬಡ್ತಿ ತರಲು ಮತ ಹಾಕಿದರು.

ಉಪಸಂಹಾರ

ರಾಚೆಸ್ಟರ್ ಅಗ್ರ ಲೀಗಿಗೆ ಏರಿದ್ದು ಒಮ್ಮೆ, ಲೀಗಿಗೆ ತಂಡ ಬೇಕಾಗಿದ್ದ 1970ರಲ್ಲಿ. ತಾನೇ ಗೆದ್ದು ಅರ್ಹತೆ ಸಾಬೀತುಪಡಿಸಿದ 1999ರಲ್ಲಿ ಏರಲಾಗಲಿಲ್ಲ. ಕೆಟ್ಟ ಆಟದಿಂದಾಗಲಿ ಪ್ರೇಕ್ಷಕರ ಅಸಡ್ಡೆಯಿಂದಾಗಲಿ ಈ ಕ್ಲಬ್ ಅಳಿಯಲಿಲ್ಲ. ಗೆಲುವಿಗೂ ಏಳಿಗೆಗೂ ಸಂಬಂಧವಿಲ್ಲದ ವ್ಯವಸ್ಥೆಯಲ್ಲಿ ಶ್ರೀಮಂತ ಮಾಲೀಕರಿಲ್ಲದ ಸಾಧಾರಣ ಊರಿನ ತಂಡಕ್ಕೆ ಉಳಿವಿಲ್ಲದ್ದರಿಂದ ಅಳಿಯಿತು. ಯುಎಸ್ಎಲ್‌ನ ಹೊಸ ನಿರ್ಧಾರ ನಿಜವಾಗಿ ಜಾರಿಗೆ ಬಂದರೆ, ಮುಂದಿನ ರಾಚೆಸ್ಟರ್‌ಗಾದರೂ ಗೆದ್ದ ಪಂದ್ಯಕ್ಕೆ ತಕ್ಕ ಸ್ಥಾನ ಸಿಕ್ಕೀತು. ಅಮೆರಿಕದ ಫುಟ್‌ಬಾಲ್ ಚರಿತ್ರೆ ಬರೆಯುವವರು ಎಂಎಲ್‌ಎಸ್‌ನ ಬೆಳವಣಿಗೆಯ ಲೆಕ್ಕದ ಜೊತೆಗೆ ಇಂಥ ಕ್ಲಬ್ಬುಗಳ ನಷ್ಟದ ಲೆಕ್ಕವನ್ನೂ ಬರೆಯಬೇಕು.